ನಮ್ಮ ಮನೆಯ ಕುದುರೆ ಲೆಕ್ಕ

ನಮ್ಮ ಅಣ್ಣನಿಗೆ ಒಂದು ಕುದುರೆ ಬೇಕಾಗಿದೆ. ಶೋಕಿಗೆ ಅಲ್ಲ, ದುಡಿಮೆಗೆ. ನಮ್ಮ ಬೀದರ ಕಡೆ ಲಗ್ನದಲ್ಲಿ ಮದುಮಗ ಕುದುರೆ ಏರಿ ಹಣಮಂತ ದೇವರ ಗುಡಿಗೆ ಹೋಗುವುದು ನಿಮಗೆಲ್ಲ ಗೊತ್ತೇ ಇದೆ. ಆ ಕುದುರೆ ಬೇರೆ ಊರಿನಿಂದ ಬಾಡಿಗೆಗೆ ಬರುತ್ತದೆ. "ಆ ಬಾಡಗಿ ನಮ್ಮ ಮನಿಗೇ ಬರಲಿ" ಎಂಬುದು ಅಣ್ಣನ ವಾದ. ನಮ್ಮ ಮುತ್ಯಾ ಹರೆಯದಲ್ಲಿ ಬೇರೆಯವರ ಟಾಂಗಾ ಹೊಡೆದವರು. ಆದರೆ ಸ್ವಂತದ್ದು ಅಂತ ಒಂದು ಕುದುರೆಯನ್ನು ನಮ್ಮ ಮನೆತನದಲ್ಲಿ ಯಾರೂ ಕಟ್ಟಿಲ್ಲ.

ಅಪ್ಪ ನೋಟುಬುಕ್ಕು ನನ್ನ ಕೈಗೆ ಕೊಟ್ಟು "ನೀನೇ ಲೆಕ್ಕ ಬರಿ" ಎಂದರು. ಅಣ್ಣ ಬರೆಸಿದ್ದು ಒಂದೇ ಸಾಲು. ಕುದುರೆಗೆ 70,000 ರೂಪಾಯಿ. ಅದು ಎಲ್ಲಿಂದ ಬರಬೇಕು? ಅವ್ವನ ಎಮ್ಮೆ ಮಾರಬೇಕು. ಆ ಎಮ್ಮೆಯ ಹಾಲು ಡೇರಿಗೆ ಹೋಗುತ್ತದೆ. ನನ್ನ ಪುಸ್ತಕ, ಮನೆಯ ಎಣ್ಣೆ-ಸಕ್ಕರೆ ಎಲ್ಲ ಅದರಲ್ಲೇ. ಬರುವ ವರ್ಷದ ನಂತರ ನಾನು ಕಾಲೇಜಿಗೆ ಹೋಗುವುದೂ ಅದರ ಮೇಲೆಯೇ ನಿಂತಿದೆ. ಅವ್ವ ಜಗಳ ಮಾಡಲಿಲ್ಲ. ರೊಟ್ಟಿ ಬಡಿಯುತ್ತಾ ಒಂದೇ ಮಾತು ಕೇಳಿದಳು. "ಆಷಾಢದಾಗ ಅದು ಏನ ತಿಂತದ?"

ಯಾರೂ ಉತ್ತರ ಕೊಡಲಿಲ್ಲ. ಆಷಾಢ ಬಂತೆಂದರೆ ದೀಪಾವಳಿ ದಾಟುವ ತನಕ, ಸುಮಾರು ನಾಲ್ಕು ತಿಂಗಳು, ನಮ್ಮಲ್ಲಿ ಲಗ್ನಗಳಿಲ್ಲ. ಆಗ ಕುದುರೆಗೆ ಗಳಿಕೆ ಇಲ್ಲ, ಹೊಟ್ಟೆ ಮಾತ್ರ ಇದೆ.

ಆ ಹೊಟ್ಟೆಯ ವಿಷಯ ಮುತ್ಯಾ ಹೇಳಿದ್ದನ್ನೂ ಪಶು ಡಾಕ್ಟರು ಹೇಳಿದ್ದನ್ನೂ ಕೂಡಿಸಿ ಬರೆಯುತ್ತೇನೆ. ಎತ್ತು ಒಮ್ಮೆ ಮೇದು ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕು ಇಲ್ಲ. ಅದರ ಜಠರ ಮೈಗೆ ಹೋಲಿಸಿದರೆ ಸಣ್ಣದು, ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ದಿನವಿಡೀ ತಿನ್ನಬೇಕು. ತಿಂದದ್ದು ಕೆಟ್ಟರೆ ವಾಂತಿ ಮಾಡಲಿಕ್ಕೂ ಬರುವುದಿಲ್ಲ. ಮೇವನ್ನು ಒಮ್ಮೆಲೇ ಬದಲಿಸಿದರೆ ಹೊಟ್ಟೆಶೂಲೆ ಬಂದು ಒಂದೇ ರಾತ್ರಿಯಲ್ಲಿ ಸಾಯಲೂಬಹುದು. ಅಂದರೆ ದುಡ್ಡಿಲ್ಲದ ವಾರ ಏನೋ ಒಂದು ಹಾಕಿ ದಿನ ದೂಡುತ್ತೇವೆ ಎನ್ನುವ ಹಾಗಿಲ್ಲ.

300 ಕಿಲೋ ತೂಕದ ಕುದುರೆಗೆ ದಿನಕ್ಕೆ ಆರೇಳು ಕಿಲೋ ಒಣ ಆಹಾರ ಬೇಕು. ನೀರು 25 ಲೀಟರಿಗೆ ಕಡಿಮೆ ಇಲ್ಲ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. (ನೀರು ಹೊರುವವರು ಯಾರು ಅಂತ ಲೆಕ್ಕದಲ್ಲಿ ಬರೆದಿಲ್ಲ. ನನಗೆ ಗೊತ್ತು ಯಾರು ಅಂತ.) ನಮ್ಮ ಕಡೆ ಕೇಳಿದ ದರದಂತೆ ಕಣಿಕಿ 5 ಕಿಲೋಗೆ 40, ಗೋಧಿ ಬೂಸಾ ಒಂದೂವರೆ ಕಿಲೋಗೆ 40, ನೆನೆಸಿದ ಕಡಲೆ ಒಂದು ಕಿಲೋಗೆ 70. ದಿನಕ್ಕೆ 150 ರೂಪಾಯಿ. ವರ್ಷಕ್ಕೆ 54,750. ಇದನ್ನು ಓದಿ ಹೇಳಿದಾಗ ಅಣ್ಣ ಇನ್ನೊಮ್ಮೆ ಗುಣಿಸು ಎಂದ. ಗುಣಿಸಿದೆ. ಅಷ್ಟೇ ಬಂತು.

ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತದೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಆದ್ದರಿಂದ ಒಂದೂವರೆ ತಿಂಗಳಿಗೊಮ್ಮೆ ಲಾಳ ಬಿಚ್ಚಿ, ಗೊರಸು ಕೆತ್ತಿ ಮತ್ತೆ ಹೊಡೆಯಬೇಕು. ಸಲಕ್ಕೆ 800 ಅಂದರೂ ವರ್ಷಕ್ಕೆ 6,400. ಧನುರ್ವಾಯುವಿನ ಚುಚ್ಚುಮದ್ದು, ಜಂತಿನ ಔಷಧಿ, ಜಡ್ಡು-ಜಾಪತ್ತು ಸೇರಿ 6,000 ಇಟ್ಟೆವು. 1962ಕ್ಕೆ ಫೋನು ಮಾಡಿದರೆ ಪಶು ಆಂಬುಲೆನ್ಸ್ ಬರುತ್ತದೆ, ಬೀದರದಲ್ಲಿ ಪಶುವೈದ್ಯ ಕಾಲೇಜೂ ಇದೆ, ಇದೊಂದು ನಮ್ಮ ಪುಣ್ಯ. ಆದರೂ ಅಲ್ಲಿಯ ತನಕ ಒಯ್ಯಲು ಗಾಡಿ ಬಾಡಿಗೆ ನಮ್ಮದೇ. ಎಲ್ಲ ಕೂಡಿ 67,150. ಜೀನು, ಲಗಾಮು, ಝೂಲು, ತಗಡಿನ ಲಾಯ ಬೇರೆ.

ಇನ್ನು ಗಳಿಕೆ. ಅಣ್ಣನ ಅಂದಾಜಿನಲ್ಲಿ ವರ್ಷಕ್ಕೆ 30 ಲಗ್ನ, ಲಗ್ನಕ್ಕೆ 2,500. ದೂರದ ಊರಿಗೆ ಕುದುರೆ ಒಯ್ಯುವ ಪಿಕಪ್ಪಿಗೂ ಹಗ್ಗ ಹಿಡಿಯುವವನಿಗೂ ಸೇರಿ 800 ಕಳೆದರೆ ಕೈಗೆ ಬರುವುದು 51,000. ವರ್ಷಕ್ಕೆ 16,150 ಕಡಿಮೆ. ಒಂದು ಎಕರೆ ಸೋಯಾ ಬಿಟ್ಟು ಜೋಳ ಬಿತ್ತಿದರೆ ಕಣಿಕಿ ಕೊಳ್ಳುವುದು ತಪ್ಪುತ್ತದೆ, 14,600 ಉಳಿಯುತ್ತದೆ ಎಂದು ಅಪ್ಪ ಹೇಳಿದರು. ಹೌದು, ಆದರೆ ಆ ಎಕರೆಯ ಸೋಯಾದ ದುಡ್ಡು ಹೋಯಿತಲ್ಲ, ಅದನ್ನು ಯಾವ ಪುಟದಲ್ಲಿ ಬರೆಯಲಿ?

ನಾನು ಕುದುರೆ ಬೇಡ ಎನ್ನುವವಳಲ್ಲ. ನನಗೂ ಆಸೆ ಇದೆ. ಆದರೆ ಚೆನ್ನಾಗಿ ನೋಡಿಕೊಂಡರೆ ಕುದುರೆ 25 ವರ್ಷ ಬದುಕುತ್ತದೆ. ಮುದಿಯಾಗಿ ಮದುಮಗನನ್ನು ಹೊರಲಾರದ ದಿನವೂ ಅದು 150 ರೂಪಾಯಿ ತಿನ್ನುತ್ತದೆ. ಅಣ್ಣನ ಮಕ್ಕಳು ಈ ಗೋಡೆ ಪತ್ರಿಕೆಗೆ ಬರೆಯುವ ಹೊತ್ತಿಗೂ ಅದು ನಮ್ಮ ಅಂಗಳದಲ್ಲೇ ಇರಬಹುದು.

ಕುದುರೆ ಕೊಳ್ಳಲು ನಾಂದೇಡ ಜಿಲ್ಲೆಯ ಮಾಳೇಗಾಂವ ಜಾತ್ರೆಗೆ ಹೋಗಬೇಕೆಂದು ಅಣ್ಣನ ಮನಸ್ಸು. ಡಿಸೆಂಬರ್ ಸುಮಾರಿಗೆ ಖಂಡೋಬಾನ ಆ ಜಾತ್ರೆಯಲ್ಲಿ ಕುದುರೆ, ಕತ್ತೆ, ಒಂಟೆಗಳ ವ್ಯಾಪಾರ ನಡೆಯುತ್ತದೆ. ಮುತ್ಯಾ ಹಲ್ಲು ನೋಡುವುದನ್ನು ಅಣ್ಣನಿಗೆ ಕಲಿಸುತ್ತಿದ್ದಾರೆ. ಮುಂದಿನ ಹಾಲು ಹಲ್ಲು ಎರಡೂವರೆ ವರ್ಷದಿಂದ ಬೀಳಲು ಶುರುವಾಗಿ ಐದಕ್ಕೆ ಬಾಯಿ ತುಂಬುತ್ತದೆ. ಪಟಾಕಿಗೆ, ಬ್ಯಾಂಡಿಗೆ ಬೆದರುತ್ತದೋ ಇಲ್ಲವೋ ಎಂಬುದನ್ನು ಅಲ್ಲೇ ನೋಡಬೇಕಂತೆ.

ಆದರೆ ಹೋಗುವ ಮೊದಲು ಮುತ್ಯಾ ಒಂದು ಕರಾರು ಹಾಕಿದ್ದಾರೆ. ಈ ಆಷಾಢದ ಮೊದಲ ದಿನದಿಂದ, ಕುದುರೆ ಅಂಗಳದಲ್ಲಿ ನಿಂತೇ ಇದೆ ಎಂದು ತಿಳಿದು, ಅಣ್ಣ ತನ್ನ ದುಡಿಮೆಯಿಂದ ದಿನಾ 150 ರೂಪಾಯಿ ಡಬ್ಬಿಯಲ್ಲಿ ಹಾಕಬೇಕು. ದೀಪಾವಳಿ ತನಕ ನಡೆದರೆ ಜಾತ್ರೆಗೆ ಹೋಗುವ ಮಾತು. ಎಮ್ಮೆಯ ಮಾತು ಆಮೇಲೆ.

ಇಂದಿಗೆ 43 ದಿನ. ಡಬ್ಬಿಯಲ್ಲಿ 6,450 ಇರಬೇಕಿತ್ತು, 5,700 ಇದೆ. ಮಳೆ ಹಿಡಿದು ಕೂಲಿ ಇಲ್ಲದ ಐದು ದಿನ ಏನೂ ಬೀಳಲಿಲ್ಲ. ಮುತ್ಯಾ ಎಣಿಸಿ ನೋಡಿ, "ಐದು ದಿನ ಕುದ್ರಿ ಉಪಾಸ ನಿಂತದ ನೋಡಪಾ" ಎಂದರು. ಅಣ್ಣ ಏನೂ ಅನ್ನಲಿಲ್ಲ. ಮರುದಿನ ಬೆಳಕು ಹರಿಯುವ ಮೊದಲೇ ಸೋಯಾ ಹೊಲದ ಕಳೆ ತೆಗೆಯಲು ಕೂಲಿಗೆ ಹೋದ.

— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ