ಕೆರೆಯ ಕಡೆಯ ಬಾಡಿಗೆಮನೆ

ಸ್ವಂತ ಮನೆಯಿಲ್ಲದವನು ಗೃಹಸ್ಥನೇ ಅಲ್ಲವೆಂಬಂತೆ ಲೋಕವು ಮಾತನಾಡುವುದುಂಟು. ಭಾಗವತದ ಏಕಾದಶ ಸ್ಕಂಧದ ಅವಧೂತನಾದರೋ ಇದನ್ನು ಒಪ್ಪನು. ಆತನ ಇಪ್ಪತ್ತನಾಲ್ಕು ಗುರುಗಳಲ್ಲಿ ಸರ್ಪವೂ ಒಂದು. ಮನೆ ಕಟ್ಟುವ ಕ್ಲೇಶಕ್ಕೆ ಹೋಗದೆ ಅನ್ಯರು ಮಾಡಿದ ನೆಲೆಯಲ್ಲಿ ಸುಖವಾಗಿರುವುದನ್ನು ಆತನು ಅದರಿಂದ ಕಲಿತನಂತೆ. ದೃಷ್ಟಾಂತವು ಸೊಗಸಾದುದೇ ಸರಿ. ಆದರೆ ಗೆದ್ದಲು ಹಾವಿನಿಂದ ಮುಂಗಡವನ್ನು ಕೇಳುವುದಿಲ್ಲ. ತಿಂಗಳ ಐದನೆಯ ತಾರೀಖಿಗೆ ಬಾಗಿಲು ತಟ್ಟುವುದೂ ಇಲ್ಲ. ಸಂಸ್ಕೃತದ ಭಾಟಕವೇ ಕನ್ನಡದಲ್ಲಿ ಬಾಡಿಗೆಯಾಗಿದೆ; ಶಬ್ದವು ತದ್ಭವವಾದರೂ ಅದರ ಭಾರವೇನೂ ಕಡಮೆಯಾಗಿಲ್ಲ.

ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ನಲವತ್ತು ವರ್ಷ ಲೆಕ್ಕ ಬರೆದ ಗುಮಾಸ್ತರೊಬ್ಬರು 2022ರಲ್ಲಿ ಪತ್ನಿಯೊಡನೆ ಹಳೇಬೀಡಿಗೆ ಬಂದರು. ಪಿತ್ರಾರ್ಜಿತವಾದ ಮನೆಯು ವಿಭಾಗದಲ್ಲಿ ತಮ್ಮಂದಿರ ಪಾಲಿಗೆ ಹೋಗಿ, ಇವರ ಪಾಲಿನ ಹಣವು ಮಗಳ ಮದುವೆಯಲ್ಲಿ ತೀರಿತ್ತು. ಹಳೇಬೀಡು ಪತ್ನಿಯ ತವರೂರು. ಅಲ್ಲಿ ದ್ವಾರಸಮುದ್ರದ ಕೆರೆಯ ಕಡೆಗೆ ಮುಖಮಾಡಿದ ಮಹಡಿಯ ಮನೆಯೊಂದು ದೊರೆಯಿತು: ಒಂದು ನಡುಮನೆ, ಒಂದು ಮಲಗುವ ಕೋಣೆ, ಒಂದು ಅಡಿಗೆಮನೆ, ತಿಂಗಳಿಗೆ 5,000 ರೂಪಾಯಿ. ಕಿಟಕಿ ತೆರೆದರೆ ಆಕೆ ಬಾಲ್ಯದಲ್ಲಿ ಕಂಡ ನೀರು. ಮಳೆ ಸೋತ ವರ್ಷ ಕೆರೆಯು ಇಳಿಯುವುದುಂಟು, ಬಾಡಿಗೆ ಮಾತ್ರ ಇಳಿಯುವುದಿಲ್ಲವೆಂದು ಗುಮಾಸ್ತರು ನಗುತ್ತಿದ್ದರು.

ಕರಾರು 11 ತಿಂಗಳದು. 1908ರ ನೋಂದಣಿ ಶಾಸನದ ಮೇರೆಗೆ ಒಂದು ವರ್ಷಕ್ಕೆ ಮೀರಿದ ಬಾಡಿಗೆಯ ಪತ್ರವನ್ನು ನೋಂದಾಯಿಸಬೇಕು. ಆದಕಾರಣ ಬಾಡಿಗೆದಾರರ ವರ್ಷಕ್ಕೆ ಸಾಮಾನ್ಯವಾಗಿ 11 ತಿಂಗಳೇ. 1882ರ ಸ್ವತ್ತು ಹಸ್ತಾಂತರ ಶಾಸನವು, ಬೇರೆ ಕರಾರಾಗಲಿ ಬೇರೆ ಕಾನೂನಾಗಲಿ ಅಡ್ಡಬಾರದಿದ್ದಲ್ಲಿ, ತಿಂಗಳ ಬಾಡಿಗೆಯವರನ್ನು 15 ದಿನಗಳ ತಿಳಿವಳಿಕೆ ಕೊಟ್ಟು ಬಿಡಿಸಬಹುದೆನ್ನುತ್ತದೆ. ಹುಣ್ಣಿಮೆಯ ಚಂದ್ರನು ಕ್ಷೀಣಿಸುವುದಕ್ಕೆ ಬೇಕಾದಷ್ಟೇ ಕಾಲವು ಸಂಸಾರವೊಂದು ಗಂಟುಕಟ್ಟುವುದಕ್ಕೂ ಸಾಕೆಂದು ಶಾಸನಕಾರರ ಮತ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಕೆಲವು ದಿನಗಳ ಮೇಲೆ ಮನೆಯ ಒಡತಿಯು ಮಹಡಿ ಹತ್ತಿ ಬಂದರು.

“ಯಜಮಾನರೇ, ತಪ್ಪು ತಿಳಿಯಬೇಡಿ. ಗುಡಿ ನೋಡಲು ಬರುವವರಿಗೆ ದಿನಕ್ಕೆ ಸಾವಿರದಂತೆ ಈ ಮನೆಯನ್ನು ಕೊಡಬಹುದೆಂದು ಎಲ್ಲರೂ ಹೇಳುತ್ತಾರೆ. ಕಟ್ಟಿಸಿದ ಸಾಲ ಇನ್ನೂ ತೀರಿಲ್ಲ.”

ಆ ಮಾತಿನಲ್ಲಿ ದುರಾಶೆಯಿರಲಿಲ್ಲ. ಗಂಡನು ತೀರಿದ ಮೇಲೆ ಬ್ಯಾಂಕಿನ ಕಂತನ್ನು ಕಟ್ಟುತ್ತಿದ್ದವರು ಆಕೆಯೊಬ್ಬರೇ. ಒಳಗೆ ಗುಮಾಸ್ತರ ಪತ್ನಿಯ ಕೈಯ ಸೌಟು ನಿಂತಿತು.

“ಕುಳಿತುಕೊಳ್ಳಿರಮ್ಮ, ಲೆಕ್ಕ ಹಾಕಿ ನೋಡೋಣ” ಎಂದು ಗುಮಾಸ್ತರು ಕಾಗದವನ್ನು ತೆಗೆದರು. ತಿಂಗಳಿಗೆ ಹತ್ತು ದಿನ ಜನ ಬಂದರೆ 10,000. ಹಾಸಿಗೆಬಟ್ಟೆ ಒಗೆಸುವುದು, ಗುಡಿಸಿ ಒರೆಸುವ ಕೂಲಿ, ವಿದ್ಯುತ್ತು, ಗಿರಾಕಿಗಳನ್ನು ಕಳುಹಿಸುವವರ ದಲ್ಲಾಳಿ, ಎಲ್ಲಾ ಕೂಡಿ 3,500. ಉಳಿಯುವುದು 6,500. ಖರ್ಚಿನ ಕಡೆಗೆ ಇನ್ನೆರಡು ಸಾವಿರವನ್ನು ಸೇರಿಸಿ ಬರೆದಿದ್ದರೆ ಮನೆಯು ತಮಗೇ ಉಳಿಯುತ್ತಿತ್ತು. ಒಡತಿಗೆ ಅದು ಗೊತ್ತಾಗುತ್ತಲೂ ಇರಲಿಲ್ಲ. ಗುಮಾಸ್ತರ ಲೇಖಣಿಯು ಒಂದು ಕ್ಷಣ ತಡೆಯಿತು. ಆಮೇಲೆ ಮೊತ್ತದ ಕೆಳಗೆ ಗೆರೆಯೆಳೆದು, ಕಾಗದವನ್ನು ಆಕೆಯ ಕಡೆಗೆ ತಿರುಗಿಸಿದರು.

“ನಿಮಗೆ 1,500 ರೂಪಾಯಿ ಹೆಚ್ಚು ಬರುತ್ತದಮ್ಮ. ನಾವು ಬೇರೆ ಮನೆ ನೋಡಿಕೊಳ್ಳುತ್ತೇವೆ.”

ಒಡತಿಯು ಕಾಗದವನ್ನು ಮಡಿಸಿಕೊಂಡು ಹೋಗಿ, ಮಾರನೆಯ ದಿನ ಮರಳಿ ಬಂದರು. “ಅದರಲ್ಲಿ ಅರ್ಧ ನೀವು ಹೊತ್ತುಕೊಳ್ಳಿ, ಅರ್ಧ ನಾನು ಬಿಡುತ್ತೇನೆ. ಗುರುತಿಲ್ಲದ ಹತ್ತು ಜನ ಬಂದು ಹೋಗುವುದಕ್ಕಿಂತ, ಲೆಕ್ಕ ಮುಚ್ಚಿಡದವರು ಒಬ್ಬರು ಇದ್ದರೆ ಸಾಕು” ಎಂದರು. 5,750ಕ್ಕೆ ಹೊಸ ಕರಾರಾಯಿತು; ಅವಧಿ ಮತ್ತೆ 11 ತಿಂಗಳೇ. ಹೆಚ್ಚಿದ 750 ರೂಪಾಯಿಗಾಗಿ ಗುಮಾಸ್ತರು ಸಂಜೆಯ ಹೊತ್ತು ಅಂಗಡಿಯೊಂದರ ಖಾತೆ ಬರೆಯತೊಡಗಿದರು.

ಹೊಯ್ಸಳರ ಶಾಸನಗಳು ದೋರಸಮುದ್ರವನ್ನು ನೆಲೆವೀಡೆಂದು ಕರೆದಿವೆ. 1311ರಲ್ಲಿ ಮಲಿಕ್ ಕಾಫೂರನ ದಂಡು ಅದರ ಮೇಲೆ ಬಂದಿತು; ಮುಂದೆ ಮೂರನೆಯ ಬಲ್ಲಾಳನು ತಿರುವಣ್ಣಾಮಲೆಯಲ್ಲಿ ಬೀಡುಬಿಡಬೇಕಾಯಿತು. ನೆಲೆವೀಡು ಹಳೆಯ ಬೀಡಾಯಿತು. ಅರಸರಿಗೇ ನಿಲ್ಲದ ನೆಲದಲ್ಲಿ ಒಡತಿಗೂ ಬಾಡಿಗೆದಾರರಿಗೂ ಇರುವ ಭೇದವು ಅವಧಿಯದು ಮಾತ್ರ. ಆ ಅವಧಿಯು ಎಷ್ಟೇ ಆಗಲಿ, ಅದರೊಳಗಿನ ಲೆಕ್ಕವು ನೇರವಾಗಿದ್ದರೆ ಎರಡು ಸಂಸಾರಗಳಿಗೂ ನಿದ್ರೆ ಬರುತ್ತದೆ. ಗುಮಾಸ್ತರ ಪತ್ನಿಯು ಬೆಳಗ್ಗೆ ಎದ್ದೊಡನೆ ಮೊದಲು ತೆರೆಯುವುದು ಇಂದಿಗೂ ಕೆರೆಯ ಕಡೆಯ ಕಿಟಕಿಯನ್ನೇ.