ಹಾರೋಹಳ್ಳಿಯ ತೋಟದಲ್ಲಿ ಕಂಡ ಮಣ್ಣಿನ ಕುಡಿಕೆ

ಬೆಂಗಳೂರಿನಿಂದ ಕನಕಪುರದ ಹಾದಿಯನ್ನು ಹಿಡಿದು ಹೊರಟವನಿಗೆ ಕಗ್ಗಲೀಪುರವನ್ನು ದಾಟಿದ ಮೇಲೆ ಹಾರೋಹಳ್ಳಿಯು ದೊರೆಯುವುದು. ಊರಿನ ಒಂದು ಮಗ್ಗುಲಿಗೆ ಕಾರ್ಖಾನೆಗಳು, ಪೂರ್ವದಿಕ್ಕಿನಲ್ಲಿ ಬನ್ನೇರುಘಟ್ಟದ ಅರಣ್ಯ, ನಡುನಡುವೆ ರಾಗಿಯ ಹೊಲಗಳೂ ಹಿಪ್ಪುನೇರಳೆಯ ತೋಟಗಳೂ, ಮಳೆಯಲ್ಲಿ ಮಿಂದು ಮಲಗಿದ ಆನೆಗಳಂತಿರುವ ಕರಿಯ ಬಂಡೆಗಳೂ ಇರುವುವು. ದೂರದ ಯಾತ್ರಿಕರನ್ನು ಕರೆಯುವಂಥ ಸ್ಥಳವೇನೂ ಅಲ್ಲ. ಆದರೂ ಕಳೆದ ವರ್ಷ ಆಷಾಢದಿಂದ ಕಾರ್ತಿಕದೊಳಗಾಗಿ ನಾನು ಐದು ಸಲ ಅಲ್ಲಿಗೆ ಹೋಗಿಬಂದೆನು. ಅದಕ್ಕೆ ಕಾರಣ ನನ್ನ ಹಳೆಯ ಶಿಷ್ಯನೊಬ್ಬನು ಅಲ್ಲಿ ಬೆಳೆಸಿರುವ ಅರ್ಧ ಎಕರೆಯ ತೋಟ.

ತೋಟವೆಂದರೆ ವಾಚಕರು ಗುಲಾಬಿಯ ಮಡಿಗಳನ್ನೂ ಕತ್ತರಿಸಿದ ಬೇಲಿಯನ್ನೂ ಊಹಿಸಿಕೊಳ್ಳಬಾರದು. ಮೊದಲ ಸಲ ಬಾಗಿಲಲ್ಲಿ ನಿಂತು ನೋಡಿದಾಗ, ಈತನಿಗೆ ಕಳೆ ಕೀಳಿಸಲು ಆಳು ದೊರೆಯಲಿಲ್ಲವೇನೋ ಎಂದು ನಾನು ಮರುಗಿದೆನು. ಎಕ್ಕ, ತುಂಬೆ, ತಂಗಡಿ, ಲಕ್ಕಿ, ಉತ್ತರಾಣಿ, ಬೇಲಿಗೆ ಹಬ್ಬಿದ ಈಶ್ವರಿಬಳ್ಳಿ, ಮೂಲೆಯಲ್ಲಿ ಎರಡು ಹೊಂಗೆಯ ಮರ: ಎಲ್ಲವೂ ಈ ಸೀಮೆಯ ನೆಲದಲ್ಲಿ ತಾವಾಗಿ ಹುಟ್ಟುವಂಥವೇ. ಆತನು ನನ್ನ ಮುಖವನ್ನು ನೋಡಿ ನಕ್ಕು, “ಮೇಷ್ಟ್ರೇ, ಇಲ್ಲಿ ಒಂದು ಗಂಟೆ ಕುಳಿತಿರಿ, ಆಮೇಲೆ ಹೇಳಿ” ಎಂದು ಒಂದು ಮಣೆಯನ್ನು ಹಾಕಿಕೊಟ್ಟನು.

ಆ ಒಂದು ಗಂಟೆಯಲ್ಲಿ ಕಂಡುದಿಷ್ಟು. ಎಕ್ಕದ ಎಲೆಯನ್ನು ಪಟ್ಟೆಪಟ್ಟೆಯ ಕಂಬಳಿಹುಳುವೊಂದು ಅಂಚಿನಿಂದ ಮೇಯುತ್ತಲಿತ್ತು. ಎಕ್ಕದ ಹಾಲಿನ ವಿಷವನ್ನು ಅದು ತನ್ನ ಮೈಯಲ್ಲಿಯೇ ಕೂಡಿಟ್ಟುಕೊಳ್ಳುವುದು; ಮುಂದೆ ಕಿತ್ತಳೆಯ ಬಣ್ಣದ ಚಿಟ್ಟೆಯಾದಾಗಲೂ ಹಕ್ಕಿಗಳು ಅದನ್ನು ಮುಟ್ಟಲು ಹೇಸುವುವು. ತಂಗಡಿಯ ಚಿಗುರಿನ ಮೇಲೆ ತೆಳುಹಳದಿಯ ಚಿಟ್ಟೆಯೊಂದು ಹೊಟ್ಟೆಯನ್ನು ಬಾಗಿಸಿ ಮೊಟ್ಟೆಯಿಡುತ್ತಿತ್ತು. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿತ್ತು. ಶಿಷ್ಯನು ಅದರ ಛಾಯಾಚಿತ್ರವನ್ನು ತೆಗೆದು ದೊಡ್ಡದು ಮಾಡಿ ತೋರಿಸಿದಾಗ ಆ ಹಿಕ್ಕೆಗೆ ಕಾಲುಗಳಿದ್ದುವು! ಕರಿಯ ದೊಡ್ಡ ಚಿಟ್ಟೆಯ ಎಳೆಯ ಹುಳುವು ಶತ್ರುಗಳ ಕಣ್ಣನ್ನು ತಪ್ಪಿಸಲು ಹಾಗೆ ವೇಷಹಾಕುವುದಂತೆ. ಅರುವತ್ತು ವರ್ಷ ಕರಿಬೇವಿನ ಒಗ್ಗರಣೆಯನ್ನು ಉಂಡವನು ನಾನು. ಗಿಡದಲ್ಲಿ ಇಂಥದೊಂದಿರುವುದನ್ನು ಕಂಡಿರಲಿಲ್ಲ.

ಛಾಯಾಗ್ರಹಣದ ಕಸಬನ್ನು ನಾನೂ ಆತನಿಂದಲೇ ಕಲಿತೆನು. ಸೂರ್ಯನೇರುವ ಮುನ್ನ ಹೋಗಬೇಕು. ಇಬ್ಬನಿಯಲ್ಲಿ ನೆನೆದು ತಣ್ಣಗಾದ ಕೀಟವು ಬೇಗ ಹಾರಲಾರದು. ನಮ್ಮ ನೆರಳು ಅದರ ಮೇಲೆ ಬೀಳಕೂಡದು. ಚಿತ್ರವನ್ನು ಮೇಲಿನಿಂದ ತೆಗೆಯದೆ ಅದರ ಕಣ್ಣಿನ ಮಟ್ಟಕ್ಕೆ ಇಳಿದು ತೆಗೆಯಬೇಕು. ಈ ಕಡೆಯ ನಿಯಮವು ನನ್ನ ಮೊಣಕಾಲುಗಳಿಗೆ ಹಿಡಿಸಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಎರಡನೆಯ ಸಲ ಹೋದಾಗ, ಪಂಪುಮನೆಯ ಗೋಡೆಯ ಮೇಲೆ ಕುಂಬಾರಹುಳುವೊಂದು ಕೆಲಸದಲ್ಲಿ ತೊಡಗಿತ್ತು. ಸೊಂಟವು ದಾರದಷ್ಟು ಸಣ್ಣದಾದ ಕಣಜವಿದು. ನೀರಿನ ತೊಟ್ಟಿಯ ಬದಿಯಿಂದ ಮಣ್ಣಿನ ಉಂಡೆಗಳನ್ನು ತಂದುತಂದು, ಬೋರೆಹಣ್ಣಿನ ಗಾತ್ರದ ಒಂದು ಕುಡಿಕೆಯನ್ನು ಕಟ್ಟಿ, ಅದಕ್ಕೆ ಹೂಜಿಯ ಬಾಯಿಯಂತೆ ಕಂಠವನ್ನೂ ಇಟ್ಟಿತು. ಬಳಿಕ ಒಂದೊಂದಾಗಿ ಹಸುರು ಹುಳುಗಳನ್ನು ಹೊತ್ತುತಂದು ಒಳಗೆ ತುರುಕಿ ಬಾಯನ್ನು ಮುಚ್ಚಿಬಿಟ್ಟಿತು.

ನಾನು ನೋಡನೋಡುತ್ತ ಬೆವತೆನು. ಏಕೆಂದರೆ ಭ್ರಮರಕೀಟನ್ಯಾಯವನ್ನು ಮೂವತ್ತು ವರ್ಷಕಾಲ ಬೋಧಿಸಿದವನು ನಾನು. ಭ್ರಮರವು ಕೀಟವನ್ನು ಗೂಡಿನಲ್ಲಿ ಸೆರೆಯಿಡುವುದೆಂದೂ, ಭಯದಿಂದ ಅದನ್ನೇ ಧ್ಯಾನಿಸುತ್ತ ಕೀಟವು ತಾನೂ ಭ್ರಮರವಾಗುವುದೆಂದೂ ನಮ್ಮ ಹಿರಿಯರು ಹೇಳುವರು. ಭಾಗವತದ ಏಕಾದಶಸ್ಕಂಧದಲ್ಲಿಯೂ ಈ ದೃಷ್ಟಾಂತವು ಬಂದಿದೆ. ಒಂದು ದಿನ ಪಾಠದ ನಡುವೆ ಒಬ್ಬ ಹುಡುಗನು ಎದ್ದುನಿಂತು, “ಮೇಷ್ಟ್ರೇ, ನೀವು ಅದನ್ನು ನೋಡಿದ್ದೀರಾ?” ಎಂದು ಕೇಳಿದ್ದನು. ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ, ಇತ್ತೆಂದು ನಾನು ಭಾವಿಸಿ, ಗಂಟೆ ಹೊಡೆಯುವವರೆಗೂ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು. ಆ ಹುಡುಗನೇ ಈಗ ನನ್ನ ಪಕ್ಕದಲ್ಲಿ ಯಂತ್ರವನ್ನು ಹಿಡಿದು ಕುಳಿತಿದ್ದನು.

“ನಿನಗೆ ಆ ದಿನದ ನೆನಪಿದೆಯೇನಪ್ಪ?” ಎಂದೆನು.

“ಇದೆ ಮೇಷ್ಟ್ರೇ. ಸ್ವಲ್ಪ ಎಡಕ್ಕೆ ಸರಿಯಿರಿ, ಬೆಳಕು ಹೋಗುತ್ತಿದೆ” ಎಂದನು. ಮತ್ತೇನೂ ಹೇಳಲಿಲ್ಲ.

ಅದೇ ಗೋಡೆಯ ಮೇಲೆ ಹಿಂದೆ ಕಟ್ಟಿದ್ದ ಇನ್ನೊಂದು ಕುಡಿಕೆಯನ್ನು ಚಾಕುವಿನ ತುದಿಯಿಂದ ಬಿಚ್ಚಿದೆವು. ಒಳಗೆ ಒಂಬತ್ತು ಹುಳುಗಳಿದ್ದುವು. ಸತ್ತಿರಲಿಲ್ಲ, ಓಡಲೂ ಆರವು. ಮುಟ್ಟಿದರೆ ತುಸು ಮಿಸುಕುವುವು. ಕಣಜದ ಕೊಂಡಿಯ ವಿಷವು ಅವನ್ನು ಕೊಲ್ಲದೆ ಜಡಮಾಡಿ, ಮಾಂಸವು ಕೆಡದಂತೆ ಇರಿಸುವುದು. ಮೇಲ್ಗಡೆ, ಚಾವಣಿಯಿಂದ ಸಣ್ಣ ನೂಲಿನಲ್ಲಿ ತೂಗುಬಿಟ್ಟಂತೆ, ಒಂದು ಮೊಟ್ಟೆ! ಅದರಿಂದ ಹೊರಡುವ ಮರಿಯು ಆ ಹುಳುಗಳನ್ನು ತಿಂದು ಬೆಳೆದು ಕಣಜವಾಗುವುದು. ಒಳಹೋದದ್ದು ಹುಳು, ಹೊರಬಂದದ್ದು ಕಣಜ. ನಡುವಣ ಕಥೆಯು ಮಣ್ಣಿನೊಳಗೆ ಮುಚ್ಚಿಹೋಗಿದ್ದರಿಂದ ಹಿಂದಿನವರು ಅದನ್ನು ಧ್ಯಾನವೆಂದು ಊಹಿಸಿದರು. ಭಕ್ತಿಗೆ ಉಪಮಾನವಾಗಿ ಆ ನ್ಯಾಯವು ಇಂದಿಗೂ ಸೊಗಸಾದುದೇ. ಕೀಟದ ವೃತ್ತಾಂತವೆಂದು ಮಾತ್ರ ಅದನ್ನು ಹೇಳಲಾಗದು.

ಫ್ರಾನ್ಸ್ ದೇಶದ ಫಾಬ್ರ್ ಎಂಬಾತನೂ (1823–1915) ನಮ್ಮಂತೆಯೇ ಉಪಾಧ್ಯಾಯನಾಗಿದ್ದವನು. 1879ರಲ್ಲಿ ಸೆರಿಞಾ ಎಂಬ ಹಳ್ಳಿಯಲ್ಲಿ ಯಾರಿಗೂ ಬೇಡವಾದ ಕಲ್ಲುಮುಳ್ಳಿನ ಭೂಮಿಯನ್ನು ಕೊಂಡು, ಕೊನೆಯವರೆಗೂ ಅಲ್ಲಿಯೇ ಇದ್ದು, ಕೀಟಗಳ ನಡತೆಯನ್ನು ನೋಡಿ ಹತ್ತು ಸಂಪುಟಗಳನ್ನು ಬರೆದನು. ಕುಡಿಕೆಯ ಚಾವಣಿಯಿಂದ ತೂಗುವ ಈ ಮೊಟ್ಟೆಯನ್ನು ಆತನು ಆಗಲೇ ಕಂಡು ವರ್ಣಿಸಿದ್ದಾನೆ. ಆ ಗ್ರಂಥದ ಇಂಗ್ಲಿಷ್ ಅನುವಾದವು ನಾನಿದ್ದ ಶಾಲೆಯ ಬೀರುವಿನಲ್ಲಿಯೇ ಇತ್ತು. ತೆಗೆದುನೋಡಿರಲಿಲ್ಲ.

ಇಷ್ಟರಲ್ಲಿ ಪಕ್ಕದ ತೋಟದ ಹೆಂಗಸು ಸೊಪ್ಪಿನ ಹೊರೆಯನ್ನು ಹೊತ್ತು ಬಂದವಳು ನಾವು ಬಗ್ಗಿ ನೋಡುತ್ತಿದ್ದುದನ್ನು ತಾನೂ ನೋಡಿದಳು. ನ್ಯಾಯದ ಸಂಗತಿಯನ್ನು ಹೇಳಿದಾಗ ಅವಳಿಗೆ ನಗು ತಡೆಯಲಿಲ್ಲ. “ಹುಳ ಎಲ್ಲಾದ್ರೂ ಕಣಜ ಆಯ್ತದಾ ಮೇಷ್ಟ್ರೇ? ನಮ್ಮ ಹುಳಕ್ಕೆ ಊಜಿ ಮಾಡೋದೂ ಇದೇಯ!” ಎಂದಳು.

ರೇಷ್ಮೆಯನ್ನು ಸಾಕುವವರ ಮನೆಯಲ್ಲಿ ಈ ಶಾಸ್ತ್ರವು ನಿತ್ಯದ ದುಃಖ. ಊಜಿನೊಣವು ಬಂಗಾಳದ ಕಡೆಯಿಂದ ಬಂದು 1980ರಲ್ಲಿ ಕರ್ಣಾಟಕದಲ್ಲಿ ಕಾಣಿಸಿಕೊಂಡಿತು. ರೇಷ್ಮೆಹುಳುವಿನ ಮೈಮೇಲೆ ಅದು ಮೊಟ್ಟೆಯಿಡುವುದು. ಮರಿಯು ಚರ್ಮವನ್ನು ಕೊರೆದು ಒಳಹೋದ ಕಡೆ ಕಪ್ಪು ಚುಕ್ಕೆ ಬೀಳುವುದು. ಎಳೆಯ ಹುಳುವಾದರೆ ಗೂಡು ಕಟ್ಟುವ ಮೊದಲೇ ಸಾಯುವುದು. ಬಲಿತ ಹುಳುವಾದರೆ ಗೂಡನ್ನು ಕಟ್ಟೀತು, ಆದರೆ ಊಜಿಯ ಮರಿಯು ಗೂಡನ್ನು ತೂತುಮಾಡಿ ಹೊರಬರುವುದರಿಂದ, ನೂರಾರು ಮೀಟರು ಉದ್ದದ ಒಂದೇ ಎಳೆಯು ತುಂಡುತುಂಡಾಗಿ, ಬಿಚ್ಚಲು ಬಾರದೆ, ಮಾರುಕಟ್ಟೆಯಲ್ಲಿ ಬೆಲೆ ಇಳಿಯುವುದು. ಅದಕ್ಕಾಗಿಯೇ ಇಲ್ಲಿನ ಹುಳುಮನೆಗಳ ಕಿಟಕಿಗಳಿಗೆಲ್ಲ ಬಲೆಯನ್ನು ಬಿಗಿದಿರುವರು. ವಿಷವನ್ನು ಮನಬಂದಂತೆ ಸಿಂಪಡಿಸುವ ಹಾಗಿಲ್ಲ. ಸೊಪ್ಪಿಗೆ ಅಂಟಿದ ವಿಷವು ರೇಷ್ಮೆಹುಳುವನ್ನೇ ಕೊಂದೀತು. ಆದುದರಿಂದ ಊಜಿಯ ಕೋಶದೊಳಗೆ ಮೊಟ್ಟೆಯಿಟ್ಟು ಅದನ್ನು ನಾಶಮಾಡುವ ನೆಸೋಲಿಂಕ್ಸ್ ಎಂಬ ಸಾಸಿವೆಗಿಂತಲೂ ಚಿಕ್ಕದಾದ ಕಣಜವನ್ನು ಸಾಕಿ ಹುಳುಮನೆಗಳಲ್ಲಿ ಬಿಡುವ ಉಪಾಯವು ಬಂದಿದೆ. ಆಕೆಗೆ ಆ ಹೆಸರು ಗೊತ್ತಿಲ್ಲ. ಚೀಲದಲ್ಲಿ ತಂದು ತೂಗುಹಾಕುವ ಕ್ರಮವು ಗೊತ್ತು. ನಾನು ಕೇಳಿದೆನು, ಅವಳು ಹೇಳಿದಳು. ಆ ಸಾಯಂಕಾಲ ಬೆಂಚಿನ ಮೇಲೆ ನಿಲ್ಲಬೇಕಾಗಿದ್ದವನು ಯಾರೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮುಚ್ಚಿದ ಕುಡಿಕೆಯ ಮೇಲೆ ತೆಳುಬಟ್ಟೆಯನ್ನು ಕಟ್ಟಿಬಂದಿದ್ದೆವು. ಕೆಲವು ವಾರಗಳಾದ ಮೇಲೆ ಶಿಷ್ಯನು ಫೋನಿನಲ್ಲಿ ಕರೆದನು. ಮೊದಲ ಬಸ್ಸಿಗೆ ಹೊರಟು ಹೋದೆನು. ಕುಡಿಕೆಯ ಪಕ್ಕದಲ್ಲಿ ಬಟಾಣಿಯಷ್ಟು ರಂಧ್ರ, ಬಟ್ಟೆಯೊಳಗೆ ಹೊಸ ಕಣಜ. ನಾನು ನೆಲದ ಮೇಲೆ ಮೊಣಕಾಲೂರಿ ಆರು ಚಿತ್ರಗಳನ್ನು ತೆಗೆದೆನು; ಐದು ಕೈನಡುಗಿ ಕೆಟ್ಟುವು. ಬಟ್ಟೆಯನ್ನು ಬಿಚ್ಚಿದೊಡನೆ ಅದು ಹೊಂಗೆಯ ಕಡೆಗೆ ಹಾರಿತು.

ಚಿತ್ರವನ್ನು ತೋರಿಸೋಣವೆಂದು ಪಕ್ಕದ ಮನೆಗೆ ಹೋದರೆ, ಅಲ್ಲಿ ಹುಳುಗಳು ಹಣ್ಣಾಗಿದ್ದುವು. ಮಕ್ಕಳೂ ಮುದುಕರೂ ಸೇರಿ ಅವನ್ನು ಆಯ್ದು ಚಂದ್ರಿಕೆಗೆ ಬಿಡುತ್ತಿದ್ದರು. ಆಕೆಯು ಚಿತ್ರದ ಕಡೆಗೊಮ್ಮೆ ಕಣ್ಣು ಹಾಯಿಸಿ, “ಚೆನ್ನಾಗದೆ ಮೇಷ್ಟ್ರೇ. ಕೈ ತೊಳ್ಕೊಂಡು ಬನ್ನಿ, ಈ ತಟ್ಟೇಲಿರೋವನ್ನ ಆಯ್ಕೊಡಿ” ಎಂದಳು.