ಬೆರಳುದ್ದದ ಕರುಳು

ಹೊಟ್ಟೆನೋವೆಂಬುದು ವಿದ್ಯಾರ್ಥಿನೀನಿಲಯದಲ್ಲಿ ಅಪರೂಪದ ಸಂಗತಿಯಲ್ಲ. ಪರೀಕ್ಷೆಯ ಮುಂಜಾನೆ ಬರುವುದೊಂದು, ಮಾವಿನಕಾಯಿಯ ಕಾಲದಲ್ಲಿ ಬರುವುದೊಂದು. ಮತ್ತೊಂದನ್ನು ಕುರಿತು ನಾವು ಹುಡುಗಿಯರು ಬಾಯಿಬಿಟ್ಟು ಹೇಳುವ ವಾಡಿಕೆಯೇ ಇಲ್ಲ. ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ ನಮ್ಮ ಕೊಠಡಿಯ ಗೆಳತಿಯೊಬ್ಬಳು ಊಟಬಿಟ್ಟು ಮಲಗಿದಾಗ, ಈ ಮೂರರಲ್ಲಿ ಯಾವುದೋ ಒಂದೆಂದು ತಿಳಿದೆವು. ನೋವು ಮೊದಲು ಹೊಕ್ಕುಳ ಸುತ್ತಲಿತ್ತು. ಎರಡು ಸಲ ವಾಂತಿಯೂ ಆಯಿತು. ಮರುದಿನ ಅದು ಬಲಗಡೆಯ ಕೆಳಹೊಟ್ಟೆಗೆ ಇಳಿದು ಅಲ್ಲಿಯೇ ನಿಂತಿತು. ಓಮದ ಕಷಾಯ ಕೊಟ್ಟೆವು. ಬಿಸಿನೀರಿನ ಶಾಖ ಕೊಟ್ಟೆವು. ಕೊನೆಗೆ ಹರಳೆಣ್ಣೆಯನ್ನೂ ಕುಡಿಸಿದೆವು. "ಮೇಟ್ರನ್ ಅಮ್ಮನವರಿಗೆ ಹೇಳಬೇಡಿರೇ, ಮನೆಗೆ ತಿಳಿಸಿಬಿಟ್ಟಾರು" ಎಂದು ಆಕೆ ಬೇಡಿಕೊಂಡಳು. ನಾವೂ ಹೇಳಲಿಲ್ಲ.

ಮೂರನೆಯ ಸಂಜೆ ನೋವು ಫಕ್ಕನೆ ನಿಂತಿತು. ಆಕೆ ನಸುನಕ್ಕಳು. ನಾವು ಹರಳೆಣ್ಣೆಯನ್ನು ಕೊಂಡಾಡಿ ನೆಮ್ಮದಿಯಿಂದ ನಿದ್ರೆಮಾಡಿದೆವು. ಬೆಳಗಾಗುವಷ್ಟರಲ್ಲಿ ಆಕೆಯ ಮೈ ಕೆಂಡದಂತೆ ಸುಡುತ್ತಿತ್ತು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು.

ಆಸ್ಪತ್ರೆಯಲ್ಲಿ ವೈದ್ಯೆಯವರು, "ನೋವು ನಿಂತದ್ದು ಎಂದು?" ಎಂದು ಕೇಳಿದರು. "ನಿನ್ನೆ ಸಂಜೆಯೇ ಗುಣವಾಗಿತ್ತು, ಡಾಕ್ಟರಮ್ಮ" ಎಂದು ನಾವು ಉತ್ಸಾಹದಿಂದಲೇ ಉತ್ತರವಿತ್ತೆವು. ಅವರ ಮುಖ ಕಪ್ಪಿಟ್ಟಿತು. ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೊಳಗೆಲ್ಲಾ ಹರಡಿದೆಯೆಂದೂ, ನಾವು ಗುಣವೆಂದುಕೊಂಡದ್ದೇ ಅದು ಒಡೆದುದರ ಗುರುತೆಂದೂ ಆಮೇಲೆ ತಿಳಿಯಿತು.

ಈ ಅಂಗವನ್ನು ಕುರಿತು ನಾವು ಓದಿದ್ದು ಅನಂತರವೇ. ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವಲ್ಲಿ ಸೀಕಮ್ ಎಂಬ ಚೀಲದಂತಹ ಭಾಗವಿರುವುದು. ಅದಕ್ಕೆ ಎರೆಹುಳುವಿನಂತೆ ಅಂಟಿಕೊಂಡಿರುವ ಟೊಳ್ಳು ನಾಳವೇ ಅಪೆಂಡಿಕ್ಸ್. ಉದ್ದ ಸಾಮಾನ್ಯವಾಗಿ 6ರಿಂದ 10 ಸೆಂಟಿಮೀಟರು. ಒಂದು ಕೊನೆ ಸೀಕಮ್ಮಿನೊಳಕ್ಕೆ ತೆರೆದಿದ್ದರೆ ಮತ್ತೊಂದು ಮುಚ್ಚಿರುವುದು. ತುದಿ ಮಾತ್ರ ಕೆಲವರಲ್ಲಿ ಸೀಕಮ್ಮಿನ ಹಿಂದಕ್ಕೂ, ಕೆಲವರಲ್ಲಿ ಕಿಬ್ಬೊಟ್ಟೆಯೊಳಕ್ಕೂ ಚಾಚಿರುವುದುಂಟು. ಹೀಗಾಗಿ ನೋವು ಎಲ್ಲರಿಗೂ ಒಂದೇ ಬಗೆಯಾಗಿ ತೋರದು. ಹೆಂಗಸರಲ್ಲಿ ಅಂಡಾಶಯದ ನೋವೆಂಬ ಭ್ರಮೆಗೂ ಎಡೆಯಿದೆ.

ಗಟ್ಟಿಯಾದ ಮಲದ ತುಣುಕೋ ಒಳಗೋಡೆಯ ಬಾವೋ ನಾಳವನ್ನು ಕಟ್ಟಿದರೆ, ಒಳಗೆ ದ್ರವ ತುಂಬಿ, ರೋಗಾಣುಗಳು ಹೆಚ್ಚಿ, ಒತ್ತಡದಿಂದ ರಕ್ತದ ಓಟ ಕುಂದುವುದು. ಕರುಳಿನ ನರಗಳು ನೋವಿನ ಸ್ಥಳವನ್ನು ಸರಿಯಾಗಿ ತೋರಲಾರವು. ಆದುದರಿಂದಲೇ ಮೊದಲ ನೋವು ಹೊಕ್ಕುಳ ಸುತ್ತ. ಬಾವು ಹೊಟ್ಟೆಯ ಒಳಪೊರೆಯನ್ನು ಮುಟ್ಟಿದ ಮೇಲೆ ನೋವು ಬಲಕ್ಕೆ ಇಳಿಯುವುದು. ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ಮ್ಯಾಕ್‌ಬರ್ನಿ 1889ರಲ್ಲಿ ಆ ಸ್ಥಳವನ್ನು ಗುರುತಿಸಿದನು: ಬಲಸೊಂಟದ ಮೂಳೆಯ ಮುಂತುದಿಯಿಂದ ಹೊಕ್ಕುಳಿಗೆ ಗೆರೆಯೆಳೆದರೆ, ಮೂಳೆಯಿಂದ ಸುಮಾರು ಮೂರನೆಯ ಒಂದು ಪಾಲು ದೂರದಲ್ಲಿ. ನಮ್ಮ ಗೆಳತಿ ಅಷ್ಟು ಹೊತ್ತೂ ಕೈಯೊತ್ತಿ ಹಿಡಿದಿದ್ದುದು ಅಲ್ಲಿಯೇ! ಇಂತಹ ಸಮಯದಲ್ಲಿ ಕೊಟ್ಟ ಭೇದಿಯ ಔಷಧ ಕರುಳನ್ನು ಕಲಕಿ, ಅದು ಒಡೆಯುವ ಅಪಾಯವನ್ನು ಹೆಚ್ಚಿಸುವುದು. ಒಡೆದಾಗ ಒಳಗಿನ ಬಿಗುವು ಇಳಿದು ಸ್ವಲ್ಪ ಹೊತ್ತು ಸುಖವೆನಿಸುವುದು.

ನಮಗಿಂತ ಬಲ್ಲವರೂ ಇಲ್ಲಿ ಸೋತುದುಂಟು. ಬೋಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ 1886ರಲ್ಲಿಯೇ ಈ ರೋಗಕ್ಕೆ ಹೆಸರಿಟ್ಟು, ಬೇಗನೆ ಶಸ್ತ್ರಕ್ರಿಯೆ ಮಾಡಬೇಕೆಂದಿದ್ದನು. ಲಂಡನ್ನಿನ ಸರ್ ಫ್ರೆಡರಿಕ್ ಟ್ರೀವ್ಸ್ ಈ ರೋಗದ ಚಿಕಿತ್ಸೆಯಲ್ಲಿ ಪ್ರಸಿದ್ಧನಾಗಿದ್ದರೂ, ಅವನ ಮಗಳೇ 1900ರಲ್ಲಿ ಇದರಿಂದ ತೀರಿಕೊಂಡಳು. 1902ರ ಜೂನ್ 24ರಂದು, ಪಟ್ಟಾಭಿಷೇಕಕ್ಕೆ ಎರಡೇ ದಿನವಿದ್ದಾಗ, ಅವನೇ ದೊರೆ ಏಳನೆಯ ಎಡ್ವರ್ಡನ ಹೊಟ್ಟೆಯನ್ನು ಕೊಯ್ದು ಕೀವು ತೆಗೆದನು. ಉತ್ಸವ ಆಗಸ್ಟ್ 9ಕ್ಕೆ ಮುಂದೆ ಹೋಯಿತು, ಅರಸನು ಉಳಿದನು. ಶಸ್ತ್ರವನ್ನು ಕೈಗೆತ್ತಿಕೊಂಡಾಗ ಆ ತಂದೆಯ ಮನಸ್ಸಿನಲ್ಲಿ ಏನಿತ್ತೋ!

ಡಾರ್ವಿನ್ನನು 1871ರಲ್ಲಿ ಇದನ್ನು ಉಪಯೋಗವಿಲ್ಲದ ಅವಶೇಷವೆಂದು ಎಣಿಸಿದನು. ಇದರ ಗೋಡೆಯಲ್ಲಿ ರೋಗನಿರೋಧಕ ಅಂಗಾಂಶ ಹೇರಳವಾಗಿದೆಯೆಂದು ಈಗ ತಿಳಿದಿದೆ. ಕರುಳಿನ ಹಿತಕರ ಸೂಕ್ಷ್ಮಜೀವಿಗಳಿಗೆ ಇದು ಕಣಜವಿರಬಹುದೆಂದೂ ಕೆಲವರು ಊಹಿಸುತ್ತಾರೆ. ಕಣಜವೇ ಆಗಿರಲಿ, ಉರಿ ಹತ್ತಿದ ಮೇಲೆ ವೈದ್ಯರಿಗೆ ಒಪ್ಪಿಸತಕ್ಕದ್ದೇ. ಒಡೆಯುವ ಮುನ್ನ ಬಂದರೆ ಇಂದು ಸಣ್ಣ ರಂಧ್ರಗಳ ಮೂಲಕವೇ ತೆಗೆದುಬಿಡುವರು. ಕೆಲವರಿಗೆ ಆ್ಯಂಟಿಬಯಾಟಿಕ್ ಔಷಧಗಳೇ ಸಾಕಾಗುವುದೂ ಉಂಟು.

ನಮ್ಮ ಗೆಳತಿ ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಆ ವರ್ಷದ ಪರೀಕ್ಷೆಗೆ ಕೂಡಲಾಗಲಿಲ್ಲ. ನಾವು ಹತ್ತನೆಯ ತರಗತಿಗೆ ಹೋದಾಗ ಆಕೆ ಒಂಬತ್ತರಲ್ಲಿಯೇ ಉಳಿದಳು. ಹರಳೆಣ್ಣೆ ಕುಡಿಸುವ ಆಲೋಚನೆ ನಮ್ಮಲ್ಲಿ ಯಾರದೆಂದು ಆಕೆ ಇಂದಿಗೂ ಕೇಳಿಲ್ಲ.